ದೊಡ್ಡವರ ದೃಢೀಕರಣ ತರಗತಿ: ಐದಕ್ಕೆ ನಾಲ್ಕು ಅಂಕ

ಬೆಂಗಳೂರಿನ ಪೂರ್ವ ಭಾಗದ ಒಂದು ಕ್ಯಾಥೊಲಿಕ್ ಧರ್ಮಕೇಂದ್ರದಲ್ಲಿ, ಅಂದರೆ ಚರ್ಚಿನಲ್ಲಿ, ದೊಡ್ಡವರಿಗೆ ಅಂತ ಒಂದು ತರಗತಿ ನಡೆಯುತ್ತದೆ. ಜ್ಞಾನಸ್ನಾನ (ನೀರಿನಿಂದ ಕೊಡುವ ಬ್ಯಾಪ್ಟಿಸಮ್), ದೃಢೀಕರಣ (ಹಣೆಗೆ ಪವಿತ್ರ ಎಣ್ಣೆ ಹಚ್ಚಿ ಕೊಡುವ ಕನ್ಫರ್ಮೇಶನ್), ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿ, ಕಮ್ಯುನಿಯನ್), ಈ ಮೂರರಲ್ಲಿ ಯಾವುದು ಬಾಕಿ ಇದ್ದರೂ ಅಲ್ಲಿ ಹೆಸರು ಬರೆಸಬಹುದು. ಒಬ್ಬ ಮನುಷ್ಯ ಪೂರ್ತಿಯಾಗಿ ಕ್ಯಾಥೊಲಿಕ್ ಧರ್ಮಸಭೆಯ ಒಳಗೆ ಬರಬೇಕಾದರೆ ಈ ಮೂರೂ ಆಗಬೇಕು. ಅದಕ್ಕೇ ಇವುಗಳಿಗೆ ಪ್ರವೇಶ ಸಂಸ್ಕಾರಗಳು ಅನ್ನುತ್ತಾರೆ. ನಾನು ಸೇರಿ, ಮುಗಿಸಿಕೊಂಡು ಬಂದಿದ್ದೇನೆ. ಇಂಥ ತರಗತಿ ಹೇಗಿರುತ್ತದೆ ಅಂತ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿದೆ, ಸಿಗಲಿಲ್ಲ. ಹೋಟೆಲಿನ ದೋಸೆಗೆ ಪುಟಗಟ್ಟಲೆ ಬರೆಯುತ್ತೇವೆ, ಇದಕ್ಕೂ ಒಂದಷ್ಟು ಇರಲಿ. ಚರ್ಚಿನ ಹೆಸರು ಬೇಕಂತಲೇ ಹಾಕಿಲ್ಲ. ಹೊಗಳುವುದು ಜಾಸ್ತಿ ಇದೆ, ಗೊಣಗುವುದೂ ಇದೆ.

ನನಗೆ ಇದು ಯಾಕೆ ಬೇಕಾಯಿತು ಅಂದರೆ, ನನ್ನ ತಂಗಿಗೆ ಮಗಳು ಹುಟ್ಟಿದಳು. "ಅಣ್ಣ, ಗಾಡ್‌ಫಾದರ್ ನೀನೇ ಆಗ್ಬೇಕು" ಅಂದಳು. ಅಂದರೆ ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಂತು, ವಿಶ್ವಾಸದಲ್ಲಿ ಬೆಳೆಯಲು ಜೊತೆ ಕೊಡುವವನು. ಅವಳ ಚರ್ಚಿನ ಆಫೀಸಿನಲ್ಲಿ ಕೊಟ್ಟ ಫಾರಂನಲ್ಲಿ ಒಂದು ಕಾಲಂ ಇತ್ತು: ದೃಢೀಕರಣ ಆದ ದಿನಾಂಕ ಮತ್ತು ಸ್ಥಳ. ನನಗೆ ಆಗಿರಲಿಲ್ಲ. ಅಪ್ಪ ಸಾರಿಗೆ ಸಂಸ್ಥೆಯ ಬಸ್ ಡಿಪೋದಲ್ಲಿ ಕೆಲಸದಲ್ಲಿದ್ದವರು. ನಮ್ಮ ಕಡೆ ಹೈಸ್ಕೂಲ್ ವಯಸ್ಸಿನಲ್ಲಿ ದೃಢೀಕರಣ ಕೊಡುವುದು ರೂಢಿ. ಆ ವರ್ಷಗಳಲ್ಲಿ ಅದನ್ನು ಕೊಡುವ ಬಿಷಪ್ಪರು, ಅಂದರೆ ಒಂದು ಪ್ರದೇಶದ ಚರ್ಚುಗಳಿಗೆಲ್ಲ ಮುಖ್ಯಸ್ಥರು, ಒಂದು ಊರಿಗೆ ಬರುವ ಹೊತ್ತಿಗೆ ನಾವು ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಊರಿಗೆ ಹೋಗಿರುತ್ತಿದ್ದೆವು. ಧರ್ಮಸಭೆಯ 1983ರ ಕಾನೂನು ಸಂಹಿತೆಯ 874ನೇ ವಿಧಿ ಈ ವಿಷಯದಲ್ಲಿ ಖಡಕ್ಕಾಗಿದೆ. ಮಗುವಿನ ಗಾಡ್‌ಫಾದರ್ ಆಗುವವನಿಗೆ 16 ತುಂಬಿರಬೇಕು, ದೃಢೀಕರಣವೂ ಪರಮಪ್ರಸಾದವೂ ಆಗಿರಬೇಕು, ಆ ವಿಶ್ವಾಸಕ್ಕೆ ತಕ್ಕಂತೆ ಬದುಕುತ್ತಿರಬೇಕು. ಮಗುವಿನ ಸ್ವಂತ ಅಪ್ಪ ಅಮ್ಮ ಆಗುವಂತಿಲ್ಲ. ತಂಗಿ ಕಾಯುತ್ತೇನೆ ಅಂದಳು. ಅದೇ ಸಂಹಿತೆ, ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಮಗುವಿಗೆ ಜ್ಞಾನಸ್ನಾನ ಕೊಡಿಸಿ ಅಂತಲೂ ಹೇಳುತ್ತದೆ. ಅಮ್ಮನಿಗೆ ವಿಧಿಯ ನಂಬರ್ ಗೊತ್ತಿಲ್ಲ, ಆದರೆ ಆ ವಿಧಿಯನ್ನು ನಮಗೆ ದಿನಾ ನೆನಪಿಸುತ್ತಿದ್ದರು.

ನಾನು ಡಿಟಿಪಿ ಕೆಲಸದವನು. ಮದುವೆ ಕಾರ್ಡು, ಬಿಲ್ ಬುಕ್ಕು, ಏಪ್ರಿಲ್ ಮೇ ಬಂತೆಂದರೆ ಮೊದಲ ಪರಮಪ್ರಸಾದದ ಆಮಂತ್ರಣ ಪತ್ರಿಕೆಗಳು. ಬಿಳಿ ಫ್ರಾಕಿನ ಹುಡುಗಿಯ ಫೋಟೊ, ಬಟ್ಟಲು, ದ್ರಾಕ್ಷಿ, ಗೋಧಿ ತೆನೆ, ಕೆಳಗೆ ಹಾಲ್ ವಿಳಾಸ. ಎಷ್ಟೋ ಕಾರ್ಡು ಮಾಡಿದ್ದೇನೆ. ಆ ಮಕ್ಕಳಿಗೆ ದೃಢೀಕರಣ ಇನ್ನೂ ಆಗಿಲ್ಲ, ಅದು ಹೈಸ್ಕೂಲಿನಲ್ಲಿ ಬರುತ್ತದೆ ಅನ್ನುವುದು ನನಗೆ ಯಾವತ್ತೂ ವಿಚಿತ್ರ ಅನ್ನಿಸಿರಲಿಲ್ಲ. ಈ ತರಗತಿ ಮುಗಿದ ಮೇಲೆ ವಿಚಿತ್ರ ಅನ್ನಿಸುತ್ತಿದೆ. ನನ್ನ ಮಟ್ಟಿಗೆ ಅದೇ ಈ ತರಗತಿಯ ದೊಡ್ಡ ಲಾಭ.

ವ್ಯವಸ್ಥೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ, ಚರ್ಚಿನ ಹಿಂದಿನ ಹಾಲಿನಲ್ಲಿ ತರಗತಿ. ಫೀಸಿಲ್ಲ. ಕೊನೆಯಲ್ಲಿ ಒಂದು ಕವರ್ ಇಡುತ್ತಾರೆ, ಹಾಕಿದರೆ ಹಾಕಿ, ಯಾರೂ ನೋಡುವುದಿಲ್ಲ. ಟೀ ಚೆನ್ನಾಗಿರುತ್ತದೆ, ಶುಂಠಿ ಹಾಕಿರುತ್ತಾರೆ. ಬೈಕಿಗೆ ಜಾಗ ಸಿಗುತ್ತದೆ, ಕಾರಿಗೆ ಕಷ್ಟ, ಯಾಕೆಂದರೆ ಅದೇ ಹೊತ್ತಿಗೆ ಇಂಗ್ಲಿಷ್ ಪೂಜೆಯವರು ಬರುತ್ತಾರೆ. ಇಂಗ್ಲಿಷಿನಲ್ಲೂ ಒಂದು ಬ್ಯಾಚ್ ಇದೆ. ಜನ ಆ ಕಡೆ ಜಾಸ್ತಿ. ನೀವು ಕನ್ನಡದವರಾದರೆ ಕನ್ನಡ ಬ್ಯಾಚಿಗೇ ಸೇರಿ. ಜನ ಕಡಿಮೆ, ಪ್ರಶ್ನೆ ಕೇಳುವುದಕ್ಕೆ ಸಂಕೋಚ ಇಲ್ಲ, ಮತ್ತೆ ಮೇಷ್ಟ್ರು ಇರುವುದು ಈ ಕಡೆ.

ಮೇಷ್ಟ್ರು ಅಂದರೆ ಧರ್ಮಪಾಠ ಹೇಳುವ ಉಪದೇಶಿ. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು, ಕನಕಪುರದ ಕಡೆಯವರು. ಅವರ ಜೊತೆ ಒಬ್ಬ ಸಿಸ್ಟರ್ ಇದ್ದಾರೆ. ಪಾಠದ ಭಾರ ಮೇಷ್ಟ್ರದ್ದು, ಶಿಸ್ತು ಮತ್ತು ಪರೀಕ್ಷೆ ಸಿಸ್ಟರದ್ದು. ನಮ್ಮ ಗುಂಪಿನಲ್ಲಿ ಮದುವೆಗೆ ಮುಂಚೆ ದೃಢೀಕರಣ ಮುಗಿಸಿಕೊಳ್ಳಲು ಬಂದ ಎರಡು ಜೋಡಿ, ನನ್ನಂತೆ ಬಿಟ್ಟುಹೋದ ಕೆಲವರು, ಇನ್ನೂ ಜ್ಞಾನಸ್ನಾನವೇ ಆಗದೆ ಹೊಸದಾಗಿ ಬರುತ್ತಿದ್ದ ಒಬ್ಬ ನರ್ಸ್. ಜೊತೆಗೆ ಸಿರೋ ಮಲಬಾರ್ (ಕೇರಳ ಮೂಲದ, ಪೂರ್ವ ಪದ್ಧತಿಯ ಕ್ಯಾಥೊಲಿಕ್ ಸಭೆ) ಮನೆತನದ ಒಬ್ಬ ಹೆಂಗಸು, ತನ್ನ ಗಂಡನಿಗೆ ಜೊತೆಯಾಗಿ ಸುಮ್ನೆ ಬಂದು ಕೂತವರು. ಪಾಠಕ್ಕೆ ಅತಿ ಹೆಚ್ಚು ಉಪಯೋಗ ಆದದ್ದು ಅವರಿಂದಲೇ. ಆ ವಿಷಯ ಮುಂದೆ ಬರುತ್ತದೆ.

ಮೇಷ್ಟ್ರು ಶುರು ಮಾಡಿದ್ದು ನೀರಿನಿಂದ. ಡಿಡಾಖೆ ಅಂತ ಒಂದು ಪುಟ್ಟ ಪುಸ್ತಕ ಇದೆ, ಕ್ರೈಸ್ತರ ಅತ್ಯಂತ ಹಳೆಯ ಬರಹಗಳಲ್ಲಿ ಒಂದು. ಶತಮಾನಗಳ ಕಾಲ ಕಣ್ಮರೆಯಾಗಿದ್ದು, 1873ರಲ್ಲಿ ಕಾನ್‌ಸ್ಟಾಂಟಿನೋಪಲಿನ ಒಂದು ಗ್ರಂಥಾಲಯದಲ್ಲಿ ಅದರ ಪ್ರತಿ ಸಿಕ್ಕಿತು. ಅದರಲ್ಲಿ ಜ್ಞಾನಸ್ನಾನ ಹೇಗೆ ಕೊಡಬೇಕು ಅಂತ ಬರೆದಿದೆ. ಹರಿಯುವ ನೀರಿನಲ್ಲಿ ಕೊಡಿ. ಹರಿಯುವ ನೀರು ಇಲ್ಲದಿದ್ದರೆ ಬೇರೆ ನೀರು. ತಣ್ಣೀರು ಆಗದಿದ್ದರೆ ಬಿಸಿನೀರು. ಅಷ್ಟು ನೀರೂ ಇಲ್ಲವಾದರೆ ತಂದೆಯ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ತಲೆಯ ಮೇಲೆ ಮೂರು ಸಲ ಸುರಿಯಿರಿ. "ನೋಡಿ, ಅನುಕೂಲ ಹೇಗಿದೆಯೋ ಹಾಗೆ ಅಂತ ಮೊದಲಿನಿಂದಲೂ ಇದೆ" ಅಂದರು ಮೇಷ್ಟ್ರು. ಕೊಡುವವರೂ ತೆಗೆದುಕೊಳ್ಳುವವರೂ ಮುಂಚೆ ಉಪವಾಸ ಇರಬೇಕು ಅಂತಲೂ ಅದರಲ್ಲಿದೆ. ಆ ಭಾಗ ಹೇಳುವಾಗ ಟೀ ಬಂತು, ಎಲ್ಲರೂ ನಕ್ಕೆವು.

ಆಮೇಲೆ ರೋಮ್. ಹಿಪ್ಪೋಲಿಟಸ್ ಅನ್ನುವ ಹಳೆಯ ಕ್ರೈಸ್ತ ಬರಹಗಾರನ ಹೆಸರಿನಲ್ಲಿ ಉಳಿದಿರುವ ಒಂದು ನಿಯಮಾವಳಿಯನ್ನು ಮೇಷ್ಟ್ರು ಕನ್ನಡದಲ್ಲಿ ಓದಿ ಹೇಳಿದರು. 3ನೇ ಶತಮಾನದ ಆರಂಭದ್ದು ಅಂತ ಬಹಳ ಕಾಲ ನಂಬಿದ್ದರು, ಈಗಿನ ವಿದ್ವಾಂಸರಲ್ಲಿ ಅದರ ಕಾಲದ ಬಗ್ಗೆ ಜಗಳ ಇದೆ. ಅದರ ಪ್ರಕಾರ ಕ್ರೈಸ್ತನಾಗಲು ಬಂದವನು ಮೂರು ವರ್ಷ ಉಪದೇಶ ಕೇಳಬೇಕು. ಸೇರಿಸಿಕೊಳ್ಳುವ ಮುಂಚೆ ಕಸುಬು ವಿಚಾರಿಸುತ್ತಿದ್ದರು. ಗ್ಲಾಡಿಯೇಟರ್, ನಾಟಕದವನು, ರಥದ ಪಂದ್ಯ ಓಡಿಸುವವನು ಆ ಕೆಲಸ ಬಿಟ್ಟೇ ಬರಬೇಕು. ಮಕ್ಕಳಿಗೆ ಪಾಠ ಹೇಳುವವನು ಬಿಟ್ಟರೆ ಒಳ್ಳೆಯದು, ಬೇರೆ ಕಸುಬು ಗೊತ್ತಿಲ್ಲದಿದ್ದರೆ ಮುಂದುವರಿಯಲಿ. "ನನ್ನನ್ನು ಸೇರಿಸಿಕೊಂಡಿರೋದು ಈ ಕೊನೇ ಸಾಲಿನಿಂದ" ಅಂದರು ಮೇಷ್ಟ್ರು. ಅಕ್ಷರ ಜೋಡಿಸುವವರ ಬಗ್ಗೆ ಏನೂ ಬರೆದಿಲ್ಲವಂತೆ. ನಾನು ಬಚಾವ್.

ಅದೇ ಬರಹದಲ್ಲಿ ಜ್ಞಾನಸ್ನಾನದ ರಾತ್ರಿಯ ವಿವರ ಇದೆ. ಕೋಳಿ ಕೂಗುವ ಹೊತ್ತಿಗೆ ನೀರಿನ ಮೇಲೆ ಪ್ರಾರ್ಥನೆ. ಮೊದಲು ಮಕ್ಕಳು. ಮಾತಾಡಲು ಬಾರದ ಮಗುವಿನ ಪರವಾಗಿ ಅಪ್ಪ ಅಮ್ಮ ಅಥವಾ ಮನೆಯವರು ಉತ್ತರ ಕೊಡಬೇಕು. ಗಾಡ್‌ಫಾದರ್ ಕೆಲಸದ ಬೇರು ಇಲ್ಲೆಲ್ಲೋ ಇದೆ. ಆಮೇಲೆ ಗಂಡಸರು, ಹೆಂಗಸರು. ನೀರಿನಿಂದ ಮೇಲೆ ಬಂದವರಿಗೆ ಎಣ್ಣೆ ಹಚ್ಚಿ, ಬಟ್ಟೆ ಉಡಿಸಿ, ಒಳಗೆ ಸಭೆಗೆ ಕರೆತರುತ್ತಾರೆ. ಅಲ್ಲಿ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು, ಎಣ್ಣೆ ಸುರಿದು, ಹಣೆಯ ಮೇಲೆ ಗುರುತು ಹಾಕುತ್ತಾರೆ. ಅವತ್ತೇ ಮೊದಲ ಸಲ ಉಳಿದವರ ಜೊತೆ ಪ್ರಾರ್ಥನೆ, ಶಾಂತಿಯ ಮುತ್ತು, ರೊಟ್ಟಿ, ದ್ರಾಕ್ಷಾರಸ. ಅದರ ಜೊತೆಗೆ ಹಾಲು ಜೇನು ಬೆರೆಸಿದ ಬಟ್ಟಲೂ ಒಂದು, ಯಾಕೆಂದರೆ ದೇವರು ವಾಗ್ದಾನ ಮಾಡಿದ ನಾಡು ಹಾಲೂ ಜೇನೂ ಹರಿಯುವ ನಾಡು.

ಇಷ್ಟು ಹೇಳಿ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಗೀಟು ಎಳೆದು ಕೇಳಿದರು: "ಇದರಲ್ಲಿ ಜ್ಞಾನಸ್ನಾನ ಎಲ್ಲಿ ಮುಗೀತು, ದೃಢೀಕರಣ ಎಲ್ಲಿ ಶುರುವಾಯ್ತು?" ಯಾರಿಗೂ ಹೇಳಲಾಗಲಿಲ್ಲ. ಅದೇ ಅವರ ಪಾಠ. ಒಂದೇ ರಾತ್ರಿ, ಒಂದೇ ನಡಿಗೆ: ನೀರು, ಎಣ್ಣೆ, ಊಟ. ಮೂರು ಬೇರೆ ಬೇರೆ ಸಮಾರಂಭ, ಮೂರು ಸರ್ಟಿಫಿಕೇಟ್, ಮೂರು ಕೇಟರಿಂಗ್ ಬಿಲ್ ಎಲ್ಲಾ ಆಮೇಲಿನದು. ನನ್ನ ಕಸುಬಿನ ಮಾತಿನಲ್ಲಿ ಹೇಳಬೇಕಾದರೆ, ಒಂದೇ ಪುಸ್ತಕದ ಮೂರು ಫಾರಂ (ಮಡಚಿದ ಹಾಳೆಗಳ ಕಟ್ಟು) ಬೇರೆ ಬೇರೆ ವರ್ಷ ಪ್ರಿಂಟಾಗಿ, ಬೈಂಡಿಂಗಿನಲ್ಲಿ ಹಿಂದುಮುಂದಾಗಿವೆ.

ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಬಗ್ಗೆ ಮೇಷ್ಟ್ರಿಗೆ ಹೇಳಿದಷ್ಟೂ ಸಾಲದು. 4ನೇ ಶತಮಾನದ ಯೆರೂಸಲೇಮಿಗೆ ಕರೆದುಕೊಂಡು ಹೋದರು. ಅಲ್ಲಿನ ಬಿಷಪ್ ಸಂತ ಸಿರಿಲರ ಹೆಸರಿನಲ್ಲಿ ಕೆಲವು ಉಪದೇಶಗಳು ಉಳಿದಿವೆ. ಹೊಸಬರು ಮೊದಲು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ಕತ್ತಲಿನ ದಿಕ್ಕು ಅದು. ಕೈ ಚಾಚಿ, ಎದುರಿಗೇ ನಿಂತಿದ್ದಾನೋ ಅನ್ನುವಂತೆ ಸೈತಾನನಿಗೆ "ನಿನ್ನನ್ನು ಬಿಟ್ಟೆ" ಅನ್ನಬೇಕು. ಆಮೇಲೆ ಪೂರ್ವಕ್ಕೆ ತಿರುಗಿ ವಿಶ್ವಾಸ ಹೇಳಬೇಕು. ಮೇಷ್ಟ್ರು ನಮ್ಮನ್ನೆಲ್ಲ ಎಬ್ಬಿಸಿ ನಿಲ್ಲಿಸಿ, ಹಾಲಿನ ಪಶ್ಚಿಮದ ಗೋಡೆ ಯಾವುದು ಅಂತ ಹುಡುಕಿಸಿ, ತಿರುಗಿಸಿದರು. ಮಕ್ಕಳಾಟದಂತೆ ಶುರುವಾದದ್ದು, ತಿರುಗಿ ನಿಂತ ಮೇಲೆ ಯಾರೂ ನಗಲಿಲ್ಲ. ಪರಮಪ್ರಸಾದ ತೆಗೆದುಕೊಳ್ಳುವಾಗ ಎಡಗೈಯನ್ನು ಬಲಗೈಗೆ ಸಿಂಹಾಸನ ಮಾಡಿ, ಬರುತ್ತಿರುವುದು ರಾಜ ಅಂತಲೂ ಆ ಉಪದೇಶಗಳಲ್ಲಿದೆ. ನಾವು ಇವತ್ತಿಗೂ ಒಂದು ಕೈಯ ಮೇಲೆ ಇನ್ನೊಂದನ್ನು ಇಟ್ಟೇ ಹಿಡಿಯುವುದಲ್ವಾ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಆ ಕಾಲದಲ್ಲಿ ಈ ಸಂಸ್ಕಾರಗಳ ಅರ್ಥವನ್ನು ಮೊದಲೇ ಪೂರ್ತಿ ಬಿಡಿಸಿ ಹೇಳುತ್ತಿರಲಿಲ್ಲ. ಮೊದಲು ಅನುಭವಿಸು, ಆಮೇಲೆ ಕೇಳು. ಪಾಸ್ಖದ ನಂತರದ ವಾರ ಬಿಳಿ ಬಟ್ಟೆಯಲ್ಲೇ ಬಂದು ಕೂತವರಿಗೆ, ಮೊನ್ನೆ ರಾತ್ರಿ ನಿಮಗೆ ಆದದ್ದು ಇದು ಅಂತ ವಿವರಿಸುತ್ತಿದ್ದರು. ಮಿಲಾನಿನಲ್ಲಿ ಬಿಷಪ್ ಸಂತ ಅಂಬ್ರೋಸರು ಮಾಡಿದ್ದೂ ಇದನ್ನೇ. ಅವರ ಕೈಯಿಂದ ಸಂತ ಅಗಸ್ಟೀನರು ಜ್ಞಾನಸ್ನಾನ ಪಡೆದದ್ದು 387ರ ಪಾಸ್ಖ ಜಾಗರಣೆಯಲ್ಲಿ. ಜೊತೆಗೆ ಮಗ ಅದಿಯೋದಾತುಸ್, ಗೆಳೆಯ ಅಲಿಪಿಯುಸ್. ಮಿಲಾನಿನಲ್ಲಿ ನೀರಿನಿಂದ ಎದ್ದವರ ಕಾಲು ತೊಳೆಯುವ ಪದ್ಧತಿಯೂ ಇತ್ತು. ರೋಮಿನಲ್ಲಿ ಇದಿಲ್ಲ ಅಂತ ಗೊತ್ತು, ಆದರೂ ನಾವು ಮಾಡುತ್ತೇವೆ ಅಂತ ಅಂಬ್ರೋಸರು ಹೇಳಿಯೇ ಮಾಡುತ್ತಿದ್ದರು. ಆ ಎಂಟು ಮೂಲೆಯ ಸ್ನಾನದ ಕೊಳದ ಅವಶೇಷ ಈಗಲೂ ಮಿಲಾನ್ ಕೆಥೆಡ್ರಲಿನ ಕೆಳಗೆ ಇದೆ, ಇಳಿದು ನೋಡಬಹುದು. ಮೇಷ್ಟ್ರು ಅದರ ಫೋಟೊ ತೋರಿಸಬೇಕು ಅಂತ ಪ್ರೊಜೆಕ್ಟರ್ ಹಾಕಿದರು. ಅದು ಕೈಕೊಟ್ಟಿತು. ಕೊನೆಗೆ ಅವರ ಮೊಬೈಲನ್ನೇ ಸಾಲಾಗಿ ಕೈಯಿಂದ ಕೈಗೆ ದಾಟಿಸಿ ನೋಡಿದೆವು.

ಹಾಗಾದರೆ ಮೂರೂ ಒಡೆದದ್ದು ಯಾವಾಗ? ಇದೇ ಈ ತರಗತಿಯ ತಿರುಳು. ಇದಕ್ಕೆ ಯಾರೋ ಒಬ್ಬರು ಕೂತು ಮಾಡಿದ ತೀರ್ಮಾನ ಕಾರಣ ಅಲ್ಲ ಅಂತ ಮೇಷ್ಟ್ರು ಬಿಡಿಸಿ ಹೇಳಿದ ರೀತಿ ಚೆನ್ನಾಗಿತ್ತು. ಕ್ರೈಸ್ತರು ನಗರ ಬಿಟ್ಟು ಹಳ್ಳಿಗಳಿಗೆ ಹರಡಿದರು. ಬಿಷಪ್ ಒಬ್ಬರು, ಚರ್ಚುಗಳು ಹತ್ತಾರು. ಜ್ಞಾನಸ್ನಾನ ಕೊಡುವ ಕೆಲಸ ಹಳ್ಳಿಯ ಗುರುಗಳಿಗೆ (ಪಾದ್ರಿಗಳಿಗೆ) ಬಂತು. ಆದರೆ ಹಣೆಗೆ ಎಣ್ಣೆಯ ಗುರುತು ಹಾಕುವುದು ಯಾರು? ಪೂರ್ವದ ಸಭೆಗಳು ಅದನ್ನೂ ಗುರುಗಳಿಗೇ ಬಿಟ್ಟವು, ಎಣ್ಣೆಯನ್ನು ಮಾತ್ರ ಮೇಲಿನವರು ಮಂತ್ರಿಸಿ ಕಳಿಸಿದರೆ ಸಾಕು ಅಂದವು. ರೋಮ್ ಬಿಡಲಿಲ್ಲ. 416ರಲ್ಲಿ ಪೋಪ್ ಮೊದಲನೇ ಇನ್ನೊಸೆಂಟರು ಗುಬ್ಬಿಯೊ ಊರಿನ ಬಿಷಪ್ಪರಿಗೆ ಬರೆದ ಕಾಗದದಲ್ಲಿ, ಗುರುಗಳು ಎಣ್ಣೆ ಹಚ್ಚಬಹುದು, ಹಣೆಯ ಮೇಲೆ ಗುರುತು ಹಾಕುವುದು ಮಾತ್ರ ಬಿಷಪ್ಪರೇ ಅಂತ ಸ್ಪಷ್ಟವಾಗಿ ಹೇಳಿದರು. ಅದಕ್ಕೆ ಆಧಾರ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಅನ್ನುವ ಪುಸ್ತಕದ 8ನೇ ಅಧ್ಯಾಯ: ಸಮಾರ್ಯದವರಿಗೆ ಜ್ಞಾನಸ್ನಾನ ಮೊದಲೇ ಆಗಿತ್ತು, ಯೇಸುವಿನ ಶಿಷ್ಯರಾದ ಪೇತ್ರ ಮತ್ತು ಯೊವಾನ್ನ ಹೋಗಿ ತಲೆಯ ಮೇಲೆ ಕೈಯಿಟ್ಟ ಮೇಲೆ ಪವಿತ್ರಾತ್ಮರನ್ನು ಪಡೆದರು. ಬಿಷಪ್ಪರು ಬರುವವರೆಗೆ ಕಾಯಬೇಕು ಅಂತಾಯಿತು. ಕಾಯುತ್ತಾ ಕಾಯುತ್ತಾ ಮಕ್ಕಳು ದೊಡ್ಡವರಾದರು. ನನ್ನ ಕಥೆ 1600 ವರ್ಷ ಹಳೆಯದು ಅಂತ ಗೊತ್ತಾಗಿ ಸ್ವಲ್ಪ ಸಮಾಧಾನ ಆಯಿತು.

ಇಲ್ಲೇ ಸಿರೋ ಮಲಬಾರಿನ ಹೆಂಗಸು ಬಾಯಿ ಬಿಟ್ಟರು. "ನಮ್ಮಲ್ಲಿ ಹಂಗಿಲ್ಲ ಸಾರ್. ನನ್ನ ತಮ್ಮನ ಮಗುಗೆ ಜ್ಞಾನಸ್ನಾನದ ದಿನಾನೇ ಅಚ್ಚನ್, ಅಂದ್ರೆ ಪಾದ್ರಿ, ಎಣ್ಣೆ ಹಚ್ಚಿ ದೃಢೀಕರಣನೂ ಕೊಟ್ರು." ಮೇಷ್ಟ್ರ ಮುಖ ಅರಳಿತು. ಪೂರ್ವದ ಸಭೆಗಳ 1990ರ ಕಾನೂನು ಸಂಹಿತೆ ಎರಡನ್ನೂ ಜೊತೆಯಲ್ಲೇ ಕೊಡಿ ಅನ್ನುತ್ತದೆ. ಅಂದರೆ ಇದೇ ಬೆಂಗಳೂರಿನಲ್ಲಿ, ಒಂದೇ ಪೋಪರ ಕೆಳಗಿನ ಇಬ್ಬರು ಕ್ಯಾಥೊಲಿಕರಲ್ಲಿ ಒಬ್ಬರಿಗೆ ತೊಟ್ಟಿಲಲ್ಲೇ ದೃಢೀಕರಣ, ಇನ್ನೊಬ್ಬರಿಗೆ ಹತ್ತನೇ ಕ್ಲಾಸಿನಲ್ಲಿ. ಮಂಡ್ಯ, ಬೆಳ್ತಂಗಡಿಯಲ್ಲಿ ಸಿರೋ ಮಲಬಾರಿನವರ ಧರ್ಮಪ್ರಾಂತ್ಯಗಳೇ ಇವೆ, ಇದೇನೂ ದೂರದ ಮಾತಲ್ಲ. ಹುಟ್ಟಿದಾಗಿನಿಂದ ಕ್ಯಾಥೊಲಿಕ್ ಆಗಿದ್ದ ನಮ್ಮಲ್ಲಿ ಬಹಳ ಜನಕ್ಕೆ ಇದು ಹೊಸ ಸುದ್ದಿ.

ಪರಮಪ್ರಸಾದ ಜಾಗ ಬದಲಿಸಿದ ಕಥೆ ಇನ್ನೂ ಸ್ವಾರಸ್ಯ. ಮೊದಲು ಪಶ್ಚಿಮದಲ್ಲೂ, ಅಂದರೆ ರೋಮಿನ ಪದ್ಧತಿಯ ಸಭೆಯಲ್ಲೂ, ಶಿಶುಗಳಿಗೆ ಕೊಡುತ್ತಿದ್ದರು. 12, 13ನೇ ಶತಮಾನದ ಹೊತ್ತಿಗೆ ನಿಂತುಹೋಯಿತು. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ, ಬುದ್ಧಿ ತಿಳಿದವರೆಲ್ಲ ವರ್ಷಕ್ಕೆ ಒಂದು ಸಲವಾದರೂ ಪಾಪನಿವೇದನೆ ಮಾಡಿ, ಪಾಸ್ಖಕ್ಕೆ ಪರಮಪ್ರಸಾದ ತೆಗೆದುಕೊಳ್ಳಬೇಕು ಅಂದಿತು. ಬುದ್ಧಿ ತಿಳಿಯುವುದು ಎಷ್ಟನೇ ವಯಸ್ಸಿಗೆ? ಒಂದೊಂದು ಕಡೆ ಒಂದೊಂದು ಲೆಕ್ಕ. ಕೆಲವು ಕಡೆ ಹತ್ತು, ಹನ್ನೆರಡು, ಇನ್ನೂ ಮೇಲೆ. 1910ರ ಆಗಸ್ಟ್ 8ರಂದು ಪೋಪ್ ಹತ್ತನೇ ಪಯಸ್ ಕಾಲದ ಆದೇಶ ಬಂತು: ಏಳು ವರ್ಷದ ಆಸುಪಾಸು ಸಾಕು, ಮಾಮೂಲಿ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸ ಮಗುವಿಗೆ ತಿಳಿದರೆ ಸಾಕು. ಒಳ್ಳೆಯ ಆದೇಶ. ಮಕ್ಕಳನ್ನು ದೂರ ಇಡುವುದು ತಪ್ಪಿತು. ಆದರೆ ದೃಢೀಕರಣದ ಬಗ್ಗೆ ಅದು ಏನೂ ಹೇಳಲಿಲ್ಲ. ಹಾಗಾಗಿ ಎಷ್ಟೋ ಕಡೆ ಎರಡನೆಯದಾಗಿದ್ದ ದೃಢೀಕರಣ ಮೂರನೆಯದಾಯಿತು. ನಾನು ಮಾಡುವ ಕಾರ್ಡುಗಳ ಹಿಂದೆ ಇರುವುದು ಈ 1910.

ಹಳೆಯ ವಿಧಿಗಳ ವಿಷಯ ಬಂದಾಗ ಮೇಷ್ಟ್ರು, ಮನೆಯಲ್ಲಿ ಹಿರಿಯರಿದ್ದರೆ ಕೇಳಿಕೊಂಡು ಬನ್ನಿ ಅಂದರು. ನಾನು ಹಾರೋಬೆಲೆಯಲ್ಲಿರುವ ಅಜ್ಜಿಗೆ ಫೋನ್ ಹಚ್ಚಿದೆ. ಅಜ್ಜಿಗೆ ಎಲ್ಲ ನೆನಪಿದೆ. "ಮಗೀನ ನಾಲಿಗೆ ಮ್ಯಾಲೆ ಸ್ವಾಮ್ಯೋರು ಉಪ್ಪು ಇಕ್ಕೋರು ಕಣಪ್ಪ, ಮಗ ಮುಖ ಹಿಂಡೋದು." ತನ್ನ ದೃಢೀಕರಣದಲ್ಲಿ ಬಿಷಪ್ಪರು ಕೆನ್ನೆಗೆ ಮೆತ್ತಗೆ ಏಟು ಕೊಟ್ಟಿದ್ದೂ ನೆನಪಿದೆ. ವಿಶ್ವಾಸಕ್ಕಾಗಿ ಕಷ್ಟ ಬಂದರೂ ತಡೆದುಕೋ ಅಂತ ಅದರ ಅರ್ಥ ಅಂತ ಹೇಳಿಕೊಟ್ಟಿದ್ದರಂತೆ. ಉಪ್ಪು 1969ರ ಶಿಶು ಜ್ಞಾನಸ್ನಾನದ ಹೊಸ ವಿಧಿಯಲ್ಲಿ ಹೋಯಿತು, ಕೆನ್ನೆಯ ಏಟು 1971ರ ದೃಢೀಕರಣದ ವಿಧಿಯಲ್ಲಿ. ಆ 1971ರಲ್ಲಿ ಪೋಪ್ ಆರನೇ ಪೌಲರು ದೃಢೀಕರಣದ ಮಂತ್ರವನ್ನೂ ಬದಲಿಸಿ, ಪೂರ್ವದ ಸಭೆಗಳಲ್ಲಿದ್ದ ಹಳೆಯ ಮಾತನ್ನು ತೆಗೆದುಕೊಂಡರು: ಪವಿತ್ರಾತ್ಮರ ವರದ ಮುದ್ರೆಯನ್ನು ಪಡೆದುಕೋ ಅನ್ನುವ ಅರ್ಥದ್ದು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ, ವಯಸ್ಕರಿಗೆ ಹಂತ ಹಂತವಾಗಿ ಕಲಿಸಿ ಒಳಗೆ ಕರೆತರುವ ಹಳೆಯ ಕ್ರಮವನ್ನು ಮತ್ತೆ ತನ್ನಿ ಅಂದಿತ್ತು. ಅದರ ಪುಸ್ತಕ ಬಂದದ್ದು 1972ರಲ್ಲಿ. ನಮ್ಮ ಗುಂಪಿನ ನರ್ಸ್ ಹೋಗುತ್ತಿರುವುದು ಆ ದಾರಿಯಲ್ಲಿ. ಆಕೆಗೆ ಪಾಸ್ಖ ಜಾಗರಣೆಯ ರಾತ್ರಿ ಮೂರೂ ಒಟ್ಟಿಗೆ. ದೊಡ್ಡವರಿಗೆ ಜ್ಞಾನಸ್ನಾನ ಕೊಡುವ ಗುರುಗಳೇ ದೃಢೀಕರಣವನ್ನೂ ಕೊಡಬಹುದು, ಬಿಷಪ್ಪರಿಗೆ ಕಾಯಬೇಕಿಲ್ಲ. ನಿಜ ಹೇಳಬೇಕಾದರೆ ನಮಗೆಲ್ಲ ಆಕೆಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು.

ಪ್ರಶ್ನೋತ್ತರದ ಭಾನುವಾರ ತಪ್ಪಿಸಬೇಡಿ. ಯಾರೋ ಕೇಳಿದರು, ಜ್ಞಾನಸ್ನಾನದ ಮಂತ್ರದಲ್ಲಿ ಒಂದು ಪದ ಬದಲಾದರೆ ಏನಾಗುತ್ತದೆ ಅಂತ. ಮೇಷ್ಟ್ರು ಡೆಟ್ರಾಯ್ಟಿನ ಕಥೆ ತೆಗೆದರು. 2020ರ ಆಗಸ್ಟಿನಲ್ಲಿ ವ್ಯಾಟಿಕನ್ ಒಂದು ಸ್ಪಷ್ಟನೆ ಹೊರಡಿಸಿತು: "ನಾನು ನಿನಗೆ" ಅನ್ನುವ ಕಡೆ "ನಾವು ನಿನಗೆ ಜ್ಞಾನಸ್ನಾನ ಕೊಡುತ್ತೇವೆ" ಅಂದರೆ ಅದು ಜ್ಞಾನಸ್ನಾನವೇ ಅಲ್ಲ. ಅಮೆರಿಕದ ಡೆಟ್ರಾಯ್ಟಿನ ಒಬ್ಬ ಯುವ ಗುರುಗಳಿಗೆ ತನ್ನ ಶಿಶು ಜ್ಞಾನಸ್ನಾನದ ವಿಡಿಯೊ ನೆನಪಾಯಿತು. ಅದರಲ್ಲಿ ಡೀಕನ್ (ಗುರುಗಳಿಗಿಂತ ಒಂದು ಹಂತ ಕೆಳಗಿನ ದೀಕ್ಷೆ ಪಡೆದವರು) "ನಾವು" ಅಂದಿದ್ದರು. ಅಂದರೆ ಅವರಿಗೆ ಜ್ಞಾನಸ್ನಾನ ಆಗಿಲ್ಲ. ಅದಿಲ್ಲದೆ ದೃಢೀಕರಣವಿಲ್ಲ, ಗುರುದೀಕ್ಷೆಯೂ ಇಲ್ಲ, ಅವರು ಅರ್ಪಿಸಿದ ಪೂಜೆಗಳೂ ಲೆಕ್ಕಕ್ಕಿಲ್ಲ. ಅದೇ ತಿಂಗಳಲ್ಲಿ ಅವರಿಗೆ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಕೊಟ್ಟು, ಡೀಕನ್ ಮಾಡಿ, ಮತ್ತೆ ಗುರುದೀಕ್ಷೆ ಕೊಟ್ಟರು. ಇದರಲ್ಲಿ ಒಂದು ಉಳಿದುಕೊಂಡಿತು: ಅವರು ಬೇರೆಯವರಿಗೆ ಕೊಟ್ಟಿದ್ದ ಜ್ಞಾನಸ್ನಾನ ಊರ್ಜಿತ. ಯಾಕೆಂದರೆ ಜ್ಞಾನಸ್ನಾನವನ್ನು ತುರ್ತು ಹೊತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು. ಸ್ವತಃ ಜ್ಞಾನಸ್ನಾನ ಆಗದವರೂ ಕೊಡಬಹುದು. ಧರ್ಮಸಭೆಯ ಉದ್ದೇಶವೇ ತನ್ನ ಉದ್ದೇಶ ಆಗಿರಬೇಕು, ನೀರು ಸುರಿದು ಸರಿಯಾದ ಮಾತು ಹೇಳಬೇಕು, ಅಷ್ಟೇ. ನರ್ಸ್ ತಟ್ಟನೆ ಕೇಳಿದರು: "ಹಾಗಾದರೆ ಹೆರಿಗೆ ವಾರ್ಡಲ್ಲಿ ನಾನು ಕೊಡಬಹುದಾ?" ಅಪ್ಪ ಅಮ್ಮ ಕ್ಯಾಥೊಲಿಕರು, ಕೇಳಿಕೊಂಡಿದ್ದಾರೆ, ಮಗುವಿನ ಜೀವಕ್ಕೆ ಅಪಾಯ ಇದೆ, ಗುರುಗಳು ಬರಲು ಸಮಯವಿಲ್ಲ ಅಂದರೆ ಈಗಲೇ, ಇವತ್ತೇ ಕೊಡಬಹುದು ಅಂದರು ಮೇಷ್ಟ್ರು. ಆಕೆ ಅದನ್ನು ಬರೆದುಕೊಂಡರು.

ಇನ್ನು ಗೊಣಗಾಟ.

ಮೊದಲನೆಯದು ಹ್ಯಾಂಡೌಟ್. ನನ್ನ ಕಸುಬಿನ ಕಣ್ಣಿಗೆ ಅದು ಹಿಂಸೆ. ಹಳೆಯ ನುಡಿ ತಂತ್ರಾಂಶದ ಫೈಲನ್ನು ಯಾರೋ ಯೂನಿಕೋಡಿಗೆ ತಿರುಗಿಸಿದ್ದಾರೆ, ಆಮೇಲೆ ನೋಡಿಲ್ಲ. ಅರ್ಕಾವತ್ತು ಎಲ್ಲಾ ಹಾರಿಹೋಗಿ ಧರ್ಮಸಭೆ ಪುಟ ಪೂರ್ತಿ "ಧಮಸಭೆ" ಆಗಿದೆ. ಅದರ ಮೇಲೆ ಜೆರಾಕ್ಸಿನ ಜೆರಾಕ್ಸ್. ನಾನೇ ಕೂತು ಸರಿ ಮಾಡಿಕೊಡುತ್ತೇನೆ ಅಂದೆ, ಸಿಸ್ಟರ್ ಮುಂದಿನ ಬ್ಯಾಚಿಗೆ ನೋಡೋಣ ಅಂದರು.

ಎರಡನೆಯದು ದೃಢೀಕರಣದ ಪಾಠ. ಇಷ್ಟೆಲ್ಲ ಚರಿತ್ರೆ ಹೇಳಿದ ತರಗತಿ, ನಾವು ಪಡೆಯಲು ಹೊರಟ ಸಂಸ್ಕಾರದ ಹತ್ತಿರ ಬಂದಾಗ ಪರೀಕ್ಷೆಯ ತಯಾರಿಯಾಗಿ ಬದಲಾಯಿತು. ಪವಿತ್ರಾತ್ಮರ ಏಳು ವರಗಳನ್ನು ಬಾಯಿಪಾಠ ಮಾಡಿ, ಸಿಸ್ಟರ್ ಕೇಳಿದಾಗ ಸಾಲಾಗಿ ಒಪ್ಪಿಸಬೇಕು. ಹೇಳಲು ಬಾರದವರು ಮುಂದಿನ ವಾರ ಮತ್ತೆ. ಮದುವೆಗೆ ನಿಂತ ಹುಡುಗ ಒಬ್ಬ ಏಳರಲ್ಲಿ ಐದು ಹೇಳಿ ನಿಂತು ಬೆವತದ್ದು ನೋಡಿ ಪಾಪ ಅನ್ನಿಸಿತು. ಕ್ರಿಸ್ಮ ತೈಲ ಏನು, ಅದರಲ್ಲಿ ಆಲಿವ್ ಎಣ್ಣೆಗೆ ಸುಗಂಧ ಯಾಕೆ ಬೆರೆಸುತ್ತಾರೆ, ಪವಿತ್ರ ವಾರದಲ್ಲಿ ಬಿಷಪ್ಪರು ಅದನ್ನು ಆಶೀರ್ವದಿಸಿ ಎಲ್ಲ ಚರ್ಚುಗಳಿಗೂ ಹಂಚುವುದರ ಅರ್ಥ ಏನು, ಇದಕ್ಕೆಲ್ಲ ಸಿಕ್ಕಿದ್ದು ಕೊನೆಯ ಹತ್ತು ನಿಮಿಷ. ಬಿಷಪ್ಪರೇ ಬರಬೇಕು ಅಂತ ಪಶ್ಚಿಮ ಹಟ ಹಿಡಿದದ್ದಕ್ಕೂ, ಎಣ್ಣೆ ಬಿಷಪ್ಪರಿಂದ ಬಂದರೆ ಸಾಕು ಅಂತ ಪೂರ್ವ ಒಪ್ಪಿದ್ದಕ್ಕೂ ಕಾರಣ ಒಂದೇ: ನೀನು ಸೇರುತ್ತಿರುವುದು ನಿನ್ನ ಓಣಿಯ ಚರ್ಚಿಗೆ ಮಾತ್ರ ಅಲ್ಲ ಅಂತ ತೋರಿಸುವುದು. ಇದನ್ನು ಮೇಷ್ಟ್ರು ಟೀ ಕುಡಿಯುತ್ತಾ ಹೇಳಿದರು, ಪಾಠದಲ್ಲಿ ಹೇಳಲಿಲ್ಲ. ಟೀ ಹೊತ್ತಿನಲ್ಲಿ ಅವರ ಹತ್ತಿರವೇ ನಿಂತಿರಿ ಅನ್ನುವುದು ನನ್ನ ಸಲಹೆ.

ಮೂರನೆಯದು, ಪರಮಪ್ರಸಾದಕ್ಕೆ ಕೊಟ್ಟ ಸಮಯ ಕಡಿಮೆ. ನಿಮಗೆಲ್ಲ ಆಗಿದೆಯಲ್ಲ ಅಂತ ದಾಟಿಸಿಬಿಟ್ಟರು. ಮೊದಲಿನ ವಾರಗಳಲ್ಲಿ, ನೀರೂ ಎಣ್ಣೆಯೂ ಈ ಊಟಕ್ಕೆ ಕರೆತರುವುದಕ್ಕೆ ಅಂತ ಅಷ್ಟು ಸಲ ಹೇಳಿ, ಊಟದ ಹತ್ತಿರ ಬಂದಾಗ ಅವಸರ ಮಾಡಿದ್ದು ಸರಿ ಬರಲಿಲ್ಲ. ಜ್ಞಾನಸ್ನಾನ, ದೃಢೀಕರಣ ಜೀವನಕ್ಕೆ ಒಂದೇ ಸಲ, ಮತ್ತೆ ಕೊಡುವಂತಿಲ್ಲ. ಪ್ರತಿ ಭಾನುವಾರ ಮತ್ತೆ ಮತ್ತೆ ಸಿಗುವ ಪ್ರವೇಶ ಸಂಸ್ಕಾರ ಇದೊಂದೇ. ನನ್ನಂಥವರು ಅಭ್ಯಾಸಬಲದಿಂದ ಸಾಲಿನಲ್ಲಿ ನಿಂತು ತೆಗೆದುಕೊಳ್ಳುವುದೂ ಇದನ್ನೇ. ಇದಕ್ಕೆ ಒಂದು ಪೂರ್ತಿ ಭಾನುವಾರ ಬೇಕಿತ್ತು. ನಾನು ಒಂದು ಅಂಕ ಕಳೆದಿರುವುದು ಮುಖ್ಯವಾಗಿ ಇದಕ್ಕೆ. ಹ್ಯಾಂಡೌಟಿಗೆ ಕಳೆಯಬೇಕಿತ್ತು, ಬಿಟ್ಟಿದ್ದೇನೆ.

ದೃಢೀಕರಣದ ದಿನ ಚೆನ್ನಾಗಿ ನಡೆಯಿತು. ಹೈಸ್ಕೂಲ್ ಮಕ್ಕಳ ಉದ್ದ ಸಾಲಿನ ಕೊನೆಯಲ್ಲಿ ನಾವು ದೊಡ್ಡವರು, ಒಬ್ಬೊಬ್ಬರ ಹಿಂದೆಯೂ ಜೊತೆಗಾರ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು. ನನ್ನ ಹಿಂದೆ ಚಿಕ್ಕಪ್ಪ. ಜ್ಞಾನಸ್ನಾನದ ವಾಗ್ದಾನಗಳನ್ನು ಮೊದಲು ನಮ್ಮ ಬಾಯಿಂದಲೇ ಹೇಳಿಸುತ್ತಾರೆ. ಮಗುವಾಗಿದ್ದಾಗ ನನ್ನ ಪರವಾಗಿ ಬೇರೆಯವರು ಹೇಳಿದ್ದ ಮಾತುಗಳು ಅವು. ಬಿಷಪ್ಪರು ಹೆಬ್ಬೆರಳಿನಿಂದ ಹಣೆಗೆ ಶಿಲುಬೆಯ ಗುರುತು ಹಾಕಿದರು. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಎಣ್ಣೆ, ಹುಬ್ಬಿನ ತನಕ ಇಳಿಯಿತು. ಅಜ್ಜಿಗೆ ಕೊಟ್ಟಂತೆ ಏಟು ಇಲ್ಲ, ಶಾಂತಿಯ ಮಾತು ಮಾತ್ರ. ಅಜ್ಜಿ ಫೋನಿನಲ್ಲಿ ಮೊದಲು ಕೇಳಿದ್ದು ಅದನ್ನೇ, "ಹೊಡುದ್ರಾ?"

ಯಾರಿಗೆ ಈ ತರಗತಿ ಸೂಕ್ತ? ಮದುವೆಗೋ, ಗಾಡ್‌ಫಾದರ್ ಆಗುವುದಕ್ಕೋ ಸರ್ಟಿಫಿಕೇಟ್ ಬೇಕು ಅಂತ ಬರುವವರೂ ಬರಬಹುದು, ನಾನೂ ಹಾಗೇ ಬಂದವನು. ಎರಡೇ ವಾರದಲ್ಲಿ ಮುಗಿಯಬೇಕು ಅನ್ನುವವರಿಗೆ ಆಗುವುದಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಮಕ್ಕಳನ್ನು ಮೊದಲ ಪರಮಪ್ರಸಾದಕ್ಕೆ ತಯಾರು ಮಾಡುತ್ತಿರುವ ಅಪ್ಪ ಅಮ್ಮಂದಿರು ಸುಮ್ನೆ ಬಂದು ಕೂತರೂ ಲಾಭ ಇದೆ, ಕೇಳಿದರೆ ಬಿಡುತ್ತಾರೆ. ಹೊಸದಾಗಿ ಬರುವವರಿಗೆ ಇದರ ಜೊತೆಗೆ ಬೇರೆ ಹಂತಗಳೂ ಇವೆ, ಮೊದಲು ಧರ್ಮಕೇಂದ್ರದ ಗುರುಗಳ ಹತ್ತಿರ ಮಾತಾಡಿ.

ಕಾಗದಪತ್ರದ ಬಗ್ಗೆ ಒಂದು ಮಾತು. ನಿಮಗೆ ಜ್ಞಾನಸ್ನಾನ ಆದ ಚರ್ಚಿನಿಂದ ಹೊಸದಾಗಿ ಬರೆಸಿದ ಪ್ರತಿ ಬೇಕು, ಮನೆಯಲ್ಲಿರುವ ಹಳೆಯ ಲ್ಯಾಮಿನೇಷನ್ ನಡೆಯುವುದಿಲ್ಲ. ದೃಢೀಕರಣ ಆದ ಮೇಲೆ ಆ ವಿಷಯ ಅದೇ ಮೂಲ ರಿಜಿಸ್ಟರಿನಲ್ಲಿ ಸೇರಬೇಕು, ಮದುವೆಯೂ ಅಲ್ಲೇ ಸೇರುತ್ತದೆ. ನನ್ನ ಪ್ರತಿ ಬರುವುದಕ್ಕೆ ಆ ಊರಿನ ಆಫೀಸಿಗೆ ಎಷ್ಟು ಫೋನ್ ಮಾಡಬೇಕಾಯಿತೋ ಲೆಕ್ಕವಿಲ್ಲ. ಅಪ್ಪ ಅಮ್ಮನ ಹೆಸರು, ಜ್ಞಾನಸ್ನಾನದ ವರ್ಷ, ಸಾಧ್ಯವಾದರೆ ಗಾಡ್‌ಪೇರೆಂಟ್‌ಗಳ ಹೆಸರು ಬರೆದಿಟ್ಟುಕೊಂಡು ಫೋನ್ ಮಾಡಿ. ರಿಜಿಸ್ಟರಿನಲ್ಲಿ ಸಂತರ ಹೆಸರು ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅದನ್ನೂ ಮೊದಲೇ ಹೇಳಿ. ತಂಗಿಯ ಮಗಳ ಜ್ಞಾನಸ್ನಾನ ಬರುವ ತಿಂಗಳು. ಬಿಸಿನೀರಿಗೆ ಹೇಳಿದ್ದೇನೆ.